ಕೋಡಿ ಮತ್ತು ಕಹಳೆ

2022ರ ಸೆಪ್ಟೆಂಬರ್ ಮೊದಲ ವಾರ ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರಿನಿಂದ ಅಣೆಕಟ್ಟೆಯವರೆಗೆ ರಸ್ತೆ ತುಂಬ ಆಟೊ, ಬೈಕು, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತ ಹೆಂಗಸರು, ಅವರ ಸೊಂಟದ ಮೇಲೆ ಮಕ್ಕಳು. ಬುತ್ತಿ ಕಟ್ಟಿಕೊಂಡು ಬಂದವರಿದ್ದರು, ಗಂಗಮ್ಮನಿಗೆಂದು ಅರಿಸಿನ ಕುಂಕುಮ ತಂದವರಿದ್ದರು. ಇದಕ್ಕೆ ಮೊದಲು ಈ ಕೋಡಿ ಹರಿದದ್ದು 1933ರಲ್ಲಿ. ನಮ್ಮವ್ವ ಹುಟ್ಟಿದ್ದು ಆ ವರ್ಷವೇ. ಅವಳ ತವರು ಹಿರಿಯೂರು ಕಡೆ. ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿರಲಿಲ್ಲ, ವಯಸ್ಸು ಕೇಳಿದವರಿಗೆಲ್ಲ ‘ಕೋಡಿ ಬಿದ್ದ ವರ್ಸದೋಳು’ ಅನ್ನುತ್ತಿದ್ದಳು. 89 ವರ್ಷ ಕಳೆದು ಮತ್ತೆ ನೀರು ಆ ಕಲ್ಲು ದಾಟಿದಾಗ ನೋಡಲು ಅವಳಿರಲಿಲ್ಲ. ಅವಳ ಪಾಲಿನದೂ ನಾನೇ ನೋಡಿ ಬಂದೆ.

ಜನ ನೀರು ನೋಡುತ್ತಿದ್ದರು. ನಾನು ಬಹಳ ಹೊತ್ತು ಕೋಡಿಯ ಕಟ್ಟೆಯನ್ನೇ ನೋಡುತ್ತ ನಿಂತೆ. 34 ವರ್ಷ ಕಾರ್ಖಾನೆಗಳ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ದುಡಿದವನು ನಾನು. ಒತ್ತಡದ ಗೇಜು, ಮಟ್ಟ ಅಳೆಯುವ ಉಪಕರಣ, ತಾನಾಗಿ ಮುಚ್ಚುವ ವಾಲ್ವು, ಅಪಾಯ ಬಂದಾಗ ಕೂಗುವ ಹೂಟರು, ಇವುಗಳನ್ನು ನೋಡಿಕೊಳ್ಳುವುದೇ ನನ್ನ ಅನ್ನ. ಆ ಕಣ್ಣಿಗೆ ಅಲ್ಲಿ ಕಂಡದ್ದೇ ಬೇರೆ. ಗೇಟಿಲ್ಲ, ಮೋಟಾರಿಲ್ಲ, ಸ್ವಿಚ್ಚಿಲ್ಲ. ಬೀಗದ ಕೈ ಹಿಡಿದು ಮೇಲಿನವರ ಅಪ್ಪಣೆಗೆ ಕಾಯುತ್ತ ನಿಂತ ನೌಕರನಿಲ್ಲ. ಮಟ್ಟ 130 ಅಡಿ ದಾಟಿತು, ನೀರು ತಾನೇ ಹೊರಗೆ ಹರಿಯಿತು. 89 ವರ್ಷ ಒಂದು ದಿನವೂ ಕೆಲಸವಿಲ್ಲದೆ ಕೂತಿದ್ದ ರಕ್ಷಣೆ, ಕರೆಬಂದ ದಿನ ತಡವರಿಸದೆ ಕೆಲಸ ಮಾಡಿತು. ನನ್ನ ಸರ್ವೀಸಿನಲ್ಲಿ ಯಾವ ಟ್ರಿಪ್ ವಾಲ್ವಿನ ಬಗ್ಗೆಯೂ ನಾನು ಇಷ್ಟು ಧೈರ್ಯದಿಂದ ಬರೆಯಲಾರೆ.

ಅವತ್ತಿನಿಂದ ನನ್ನ ಕಸುಬಿನ ಚರಿತ್ರೆಯನ್ನು ನಮ್ಮ ಸೀಮೆಯ ಕಡೆಯಿಂದ ನೋಡುವ ಅಭ್ಯಾಸ ಇನ್ನಷ್ಟು ಗಟ್ಟಿಯಾಗಿದೆ. ‘ಫಂಕ್ಷನಲ್ ಸೇಫ್ಟಿ’, ‘ಅಲಾರಂ ಮ್ಯಾನೇಜ್‌ಮೆಂಟ್’ ಎಂದು ತರಬೇತಿಗಳಲ್ಲಿ ಹೇಳಿಕೊಡುವ ವಿದ್ಯೆ ಯೂರೋಪು, ಅಮೆರಿಕಗಳಲ್ಲಿ ಹುಟ್ಟಿ ಇಲ್ಲಿಗೆ ಬಂದದ್ದೆಂದು ಮೊದಮೊದಲು ನಾನೂ ನಂಬಿದ್ದೆ. ಅದರ ಹೆಸರು, ಸಂಖ್ಯೆ, ಮಾನಕಗಳು ಅಲ್ಲಿಯವೇ ನಿಜ. ಆದರೆ ಅದರ ಒಳಗಿರುವ ಪ್ರಶ್ನೆ ಒಂದೇ: ಕೆಟ್ಟದ್ದು ಬರುತ್ತಿರುವಾಗ ಮನುಷ್ಯನನ್ನು ಕರೆಯಬೇಕೋ, ಅವನಿಗೆ ಕಾಯದೆ ತಾನೇ ತಡೆಯುವಂತೆ ಕಟ್ಟಬೇಕೋ? ಈ ಪ್ರಶ್ನೆಗೆ ನಮ್ಮ ಹಿರಿಯರು ಎರಡು ಉತ್ತರ ಇಟ್ಟುಕೊಂಡಿದ್ದರು. ಕೆರೆಗೆ ಕೋಡಿ, ಕೋಟೆಗೆ ಕಹಳೆ.

ಮೊದಲು ಕೋಡಿಯ ವಿಚಾರ. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತದೆ. ಹೊಸದುರ್ಗ ತಾಲ್ಲೂಕು ದಾಟಿ ಬರುವ ಈ ನದಿ ಹಿರಿಯೂರು ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ಜಾಗವೇ ಮಾರಿಕಣಿವೆ. ಕಣಿವೆ ಮಾರಮ್ಮನ ಗುಡಿ ಇರುವುದರಿಂದ ಆ ಹೆಸರು. ಚಾಮರಾಜ ಒಡೆಯರು ತೀರಿಕೊಂಡು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1898ರಲ್ಲಿ ಅಣೆಕಟ್ಟೆಯ ಕೆಲಸ ಹಿಡಿದರು. 1907ರಲ್ಲಿ ಮುಗಿಯಿತು. ಹೊಳೆಯ ತಳದಿಂದ 142 ಅಡಿ ಎತ್ತರ, 30 ಟಿಎಂಸಿ ನೀರು ಹಿಡಿಯುವ ಒಡಲು. ಕೆಆರ್‌ಎಸ್ ಇನ್ನೂ ಕನಸಾಗಿದ್ದ ಕಾಲ ಅದು. ಮಹಾರಾಣಿಯವರ ಹೆಸರಿನಲ್ಲಿ ವಾಣಿವಿಲಾಸ ಸಾಗರವೆಂದು ಕರೆದರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ಮಾರಿಕಣಿವೆಯೇ.

ಬರದ ಸೀಮೆಯಲ್ಲಿ 30 ಟಿಎಂಸಿ ಕಟ್ಟೆ ಕಟ್ಟಿದವರಿಗೆ ಅದು ತುಂಬುವುದೇ ಅನುಮಾನವಿದ್ದಿರಬೇಕು. ಆದರೂ 130 ಅಡಿಗೆ ಕೋಡಿ ಇಟ್ಟರು. ಕಟ್ಟೆಯ ನೆತ್ತಿಗೂ ಕೋಡಿಗೂ ನಡುವೆ ಹನ್ನೆರಡು ಅಡಿ ಬಿಟ್ಟರು. ಆ ಹನ್ನೆರಡು ಅಡಿಯಲ್ಲಿ ಎಷ್ಟು ನೀರು ನಿಲ್ಲುತ್ತಿತ್ತೆಂದು ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರಿಗೆ ಗೊತ್ತು. 1933ರಲ್ಲಿ ನೀರು 135 ಅಡಿ ದಾಟಿದಾಗ ಅದನ್ನು ಏಕೆ ಬಿಟ್ಟಿದ್ದರೆಂದು ತಿಳಿಯಿತು. ನಮ್ಮ ಕಸುಬಿನಲ್ಲಿ ಇದಕ್ಕೆ ‘ಸೇಫ್ಟಿ ಮಾರ್ಜಿನ್’ ಅನ್ನುತ್ತಾರೆ. ಪ್ರತಿ ಕಾರ್ಖಾನೆಯಲ್ಲೂ ಉತ್ಪಾದನೆಯವರು ಮೊದಲು ಕೈ ಹಾಕುವುದು ಇದಕ್ಕೇ.

ಈ ಬುದ್ಧಿ ಮೈಸೂರು ಸರ್ಕಾರದ ಎಂಜಿನಿಯರುಗಳ ಸ್ವಂತದ್ದಲ್ಲ. ನಮ್ಮ ಬಯಲುಸೀಮೆಯ ಪ್ರತಿ ಹಳ್ಳಿಯ ಕೆರೆಗೂ ಏರಿ, ತೂಬು, ಕೋಡಿ ಮೂರೂ ಉಂಟು. ತೂಬನ್ನು ಎತ್ತುವುದು ಇಳಿಸುವುದು ನೀರುಗಂಟಿಯ ಕೆಲಸ. ಯಾವ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ನೀರು ಅನ್ನುವುದು ಅವನ ತಲೆಯಲ್ಲಿ. ಇವತ್ತಿನ ಭಾಷೆಯಲ್ಲಿ ಅದು ‘ಕಂಟ್ರೋಲ್’. ಕೋಡಿ ಅವನ ಕೈಗೆ ಸಿಗದ್ದು. ನೀರುಗಂಟಿ ಮಲಗಿರಲಿ, ಮದುವೆಗೆ ಹೋಗಿರಲಿ, ತೂಬು ಕೆಸರು ಕಟ್ಟಿ ಕೂತಿರಲಿ, ಕೋಡಿಗೆ ಅದರ ಗೊಡವೆಯಿಲ್ಲ. ಅಂತರರಾಷ್ಟ್ರೀಯ ಮಾನಕ ಐಇಸಿ 61511 ಕಾರ್ಖಾನೆಗಳಿಗೆ ಬಂದದ್ದು 2003ರಲ್ಲಿ. ಅದರ ಹೃದಯದಲ್ಲಿರುವ ಮಾತು ಇದೇ: ದಿನನಿತ್ಯದ ಕಂಟ್ರೋಲ್ ಬೇರೆ ಇರಲಿ, ಅಪಾಯ ತಡೆಯುವ ವ್ಯವಸ್ಥೆ ಬೇರೆ ಇರಲಿ, ಒಂದು ಕೆಟ್ಟರೆ ಇನ್ನೊಂದನ್ನು ಕೆಡಿಸದಿರಲಿ.

ನೀರುಗಂಟಿಗೆ ಕೋಡಿಯ ಮೇಲೆ ಅಧಿಕಾರವಿರಲಿಲ್ಲ, ಹೊಣೆ ಇತ್ತು. ಮುಂಗಾರಿಗೆ ಮುಂಚೆ ಕೋಡಿ ಹಳ್ಳದಲ್ಲಿ ಬೆಳೆದ ಜಾಲಿ, ಲಂಟಾನ ಸವರಬೇಕು, ಕೂತ ಹೂಳು ತೆಗೆಯಬೇಕು. ನಾವು ಟ್ರಿಪ್ ವಾಲ್ವನ್ನು ವರ್ಷಕ್ಕೊಮ್ಮೆ ನಿಜವಾಗಿ ಮುಚ್ಚಿಸಿ ನೋಡುವುದು, ಅದನ್ನು ‘ಪ್ರೂಫ್ ಟೆಸ್ಟ್’ ಎಂದು ರಿಜಿಸ್ಟರಿನಲ್ಲಿ ಬರೆಯುವುದು ಇದೇ ಕೆಲಸ. ಕೋಡಿಗೆ ಮೋಸ ಮಾಡುವ ದಾರಿಯೂ ಹಳ್ಳಿಯವರಿಗೆ ಗೊತ್ತಿತ್ತು. ಮಳೆ ಕೊನೆಗೊಳ್ಳುವ ಹೊತ್ತಿಗೆ ಕೋಡಿಯ ಮೇಲೆ ಮರಳಿನ ಚೀಲ ಪೇರಿಸಿ ಒಂದಡಿ ನೀರು ಹೆಚ್ಚಿಗೆ ನಿಲ್ಲಿಸುವುದು. ಒಂದಡಿ ಎಂದರೆ ಇನ್ನೊಂದು ಬೆಳೆ. ಆಸೆ ತಪ್ಪಲ್ಲ, ಆದರೆ ಆಮೇಲೆ ಹಿಂಗಾರು ಜೋರಾದರೆ ಏರಿಯೇ ಒಡೆಯುತ್ತದೆ. ಬಾಯ್ಲರಿನ ಸೇಫ್ಟಿ ವಾಲ್ವಿನ ಸನ್ನೆಗೋಲಿಗೆ ಇನ್ನೊಂದು ತೂಕ ನೇತುಹಾಕಿ ಉಗಿ ಹೆಚ್ಚು ಹಿಡಿಯುತ್ತಿದ್ದವರು ಮಾಡಿದ್ದೂ ಇದೇ. ಟ್ರಿಪ್ ಸರ್ಕ್ಯೂಟಿಗೆ ತುಂಡು ವೈರು ಸೇರಿಸಿ ‘ಬೈಪಾಸ್’ ಮಾಡುವವರು ಇವತ್ತು ಮಾಡುವುದೂ ಇದೇ.

2022ರ ನಂತರ ಕೋಡಿಯ ಎತ್ತರವೇ ನಮ್ಮ ಜಿಲ್ಲೆಯಲ್ಲಿ ಜಗಳವಾಯಿತು. ಹಿನ್ನೀರು ಹೊಸದುರ್ಗ ತಾಲ್ಲೂಕಿನ ಜಮೀನುಗಳ ಒಳಗೆ ಹೋಯಿತು. ತೋಟ ಮುಳುಗಿದವರು ಕೋಡಿ ಮಟ್ಟ ಇಳಿಸಿ ಎಂದರು. ಒಂದಡಿಯೂ ಇಳಿಸಬಾರದೆಂದು ಹಿರಿಯೂರು ಕಡೆಯ ರೈತರು ಎದ್ದರು. ನಾನು ಇದರಲ್ಲಿ ಯಾರ ಪಕ್ಷವನ್ನೂ ಹಿಡಿಯುವ ಯೋಗ್ಯತೆ ಇಲ್ಲದವನು, ಎರಡೂ ಕಡೆ ನಮಗೆ ನೆಂಟರಿದ್ದಾರೆ. ಒಂದು ಮಾತು ಮಾತ್ರ ಗಮನಿಸಿದೆ. ಕೋಡಿಯ ಮಟ್ಟ ಎಂಜಿನಿಯರಿಂಗಿನ ಅಂಕಿಯಷ್ಟೇ ಅಲ್ಲ, ಯಾರ ನಷ್ಟವನ್ನು ಯಾರು ಹೊರಬೇಕೆಂಬ ತೀರ್ಮಾನವೂ ಹೌದು. ನೂರು ವರ್ಷದ ಹಿಂದೆ ಅದನ್ನು ನಿಗದಿಮಾಡಿದಾಗ ಹಿನ್ನೀರಿನಲ್ಲಿ ಈ ಅಡಕೆ ತೋಟಗಳಿರಲಿಲ್ಲ, ಭದ್ರೆಯ ನೀರು ಈ ಕಡೆ ಬರುತ್ತಿರಲಿಲ್ಲ. ಸುತ್ತಲಿನದು ಬದಲಾದಾಗ ಹಳೆಯ ಅಂಕಿಯನ್ನು ಎಲ್ಲರನ್ನೂ ಕೂರಿಸಿ ಮತ್ತೆ ನೋಡಬೇಕು. ಹೀಗೆ ಬರೆದ ಮೇಲೂ 2025ರ ಜನವರಿಯಲ್ಲಿ ಕೋಡಿ ಮೂರನೇ ಸಲ ಬಿದ್ದಾಗ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆ.

ಗೇಟುಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ದೊಡ್ಡ ನದಿಗೆ ಗೇಟು ಬೇಕು. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ, ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಇಳಿಸಲು ಜನ ಜೀವ ಪಣವಿಟ್ಟು ದಿನಗಟ್ಟಲೆ ಹೆಣಗಿದ್ದನ್ನು ಟೀವಿಯಲ್ಲಿ ನೋಡುತ್ತ ನನ್ನ ಮನಸ್ಸು ಮಾರಿಕಣಿವೆಯ ಆ ಮೂಕ ಕಟ್ಟೆಯ ಕಡೆಗೇ ಹೋಗುತ್ತಿತ್ತು. ಚಲಿಸುವ ಭಾಗ ಇದ್ದಲ್ಲಿ ಸವೆತ ಇದೆ, ಸವೆತ ಇದ್ದಲ್ಲಿ ನೋಡಿಕೊಳ್ಳುವವನು ಬೇಕು.

ಇನ್ನು ಕಹಳೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ನಾನು ಮೊದಲು ಹೋದದ್ದು ಅಪ್ಪನ ಜೊತೆ. ನೀರಿನ ವಿಷಯದಲ್ಲಿ ದುರ್ಗದ ನಾಯಕರು ಕೋಡಿಯ ಬುದ್ಧಿಯನ್ನೇ ಬೆಟ್ಟದ ಮೇಲೂ ಮಾಡಿದ್ದಾರೆ: ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನದು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ. ಮನುಷ್ಯರ ವಿಷಯದಲ್ಲಿ ಮಾತ್ರ ಕಾವಲು ಬೇಕೇ ಬೇಕು. ಅದಕ್ಕಾಗಿ ಬತ್ತೇರಿ, ಬುರುಜು, ಕಾವಲುಗಾರ, ಅವನ ಕೈಯಲ್ಲಿ ಕಹಳೆ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬಾಸುರನ ಭೇರಿ ಎಂದು ತೋರಿಸುವ ಕಬ್ಬಿಣದ ತಗಡಿನ ದೊಡ್ಡ ನಗಾರಿಯ ಮುಂದೆ ನಾನು ಹುಡುಗನಾಗಿದ್ದಾಗ ಬಾಯಿಬಿಟ್ಟು ನಿಂತಿದ್ದೆ. ಅಷ್ಟು ದೊಡ್ಡದನ್ನು ಬಾರಿಸಿದರೆ ಯಾರಿಗೆ ಕೇಳಲ್ಲ ಎಂದು ಅಪ್ಪನನ್ನು ಕೇಳಿದೆ. ‘ಕೇಳ್ತತೆ ಮಗ. ಕೇಳ್ದೋನು ಏಳಬೇಕಲ್ಲ’ ಎಂದ.

ಓಬವ್ವನ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೆ ಎದೆಹಾಲಿನ ಜೊತೆ ಬರುತ್ತದೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಮೇಲೆ ಇಡೀ ನಾಡಿಗೇ ಬಂತು. ಜಯಂತಿಯವರ ಮುಖ ಬಿಟ್ಟು ಬೇರೆ ಮುಖದ ಓಬವ್ವನನ್ನು ನನ್ನ ಪೀಳಿಗೆ ಊಹಿಸಿಕೊಳ್ಳಲಾರದು. ಹೈದರಾಲಿ ಕೋಟೆಗೆ ಮುತ್ತಿಗೆ ಹಾಕಿದ್ದಾನೆ. ಮದಕರಿ ನಾಯಕನ ಕಾಲ. ಬಂಡೆಗಳ ನಡುವೆ ಒಬ್ಬರು ತೂರುವಷ್ಟು ಕಿಂಡಿ. ಅದರ ಕಾವಲು ಕಹಳೆ ಮುದ್ದಹನುಮನದು. ಊಟದ ಹೊತ್ತು, ಅವನು ಮನೆಗೆ ಬಂದಿದ್ದಾನೆ. ನೀರು ತರಲು ಹೋದ ಹೆಂಡತಿ ಓಬವ್ವನಿಗೆ ಕಿಂಡಿಯಲ್ಲಿ ಶತ್ರುಗಳ ಸದ್ದು ಕೇಳುತ್ತದೆ. ಅವಳು ಕೂಗಲಿಲ್ಲ. ಉಣ್ಣುತ್ತಿರುವ ಗಂಡನನ್ನು ಎಬ್ಬಿಸಲಿಲ್ಲ. ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತು, ತಲೆ ಹೊರಬಂದಂತೆಲ್ಲ ಹೊಡೆದು, ಹೆಣ ಎಳೆದು ಪಕ್ಕಕ್ಕೆ ಹಾಕಿದಳು. ಹನುಮ ಬಂದು ನೋಡಿ ಕಹಳೆ ಊದಿದ. ಕೋಟೆ ಎಚ್ಚೆತ್ತಿತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಮಾಡುತ್ತಿದೆ.

ಈ ಕಥೆಯನ್ನು ನನ್ನ ಕಸುಬಿನವನಾಗಿ ಓದಿದರೆ ಎದೆ ಹಿಂಡುತ್ತದೆ. ಕಿಂಡಿ ಇದೆಯೆಂದು ಕೋಟೆಯವರಿಗೆ ಗೊತ್ತಿತ್ತು, ಗೊತ್ತಿದ್ದರಿಂದಲೇ ಕಾವಲು ಹಾಕಿದ್ದು. ಮುಚ್ಚಬಹುದಾಗಿದ್ದ ತೂತನ್ನು ಮುಚ್ಚದೆ ಒಬ್ಬ ಮನುಷ್ಯನನ್ನು ಅದರ ಮುಂದೆ ನಿಲ್ಲಿಸಿದರು. ಅವನು ಉಣ್ಣಬೇಕಾದಾಗ ಬದಲಿಗೆ ನಿಲ್ಲುವವನಿಲ್ಲ. ಕಹಳೆ ಅವನ ಹತ್ತಿರ ಒಂದೇ, ಅದು ಊಟಕ್ಕೆ ಅವನ ಜೊತೆ ಮನೆಗೆ ಬಂತು. ಹನುಮನದು ತಪ್ಪೆಂದು ನಾನು ಹೇಳಲಾರೆ, ಹಸಿದವನು ಉಂಡ. ತಪ್ಪು ಪಾಳಿ ಹಾಕಿದವರದು. ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಅಲಾರಂ ಕೇಳಿಯೂ ಆಪರೇಟರ್ ಸರಿಯಾದ ಕೆಲಸ ಮಾಡದಿರುವ ಸಾಧ್ಯತೆಗೆ ಸಾಮಾನ್ಯವಾಗಿ ಕೊಡುವ ಬೆಲೆ ಹತ್ತರಲ್ಲಿ ಒಂದು. ಅಂದರೆ ಹತ್ತು ಸಲ ಕರೆದರೆ ಒಂದು ಸಲ ಅವನು ತಪ್ಪಬಹುದು ಎಂದುಕೊಂಡೇ ಕಾರ್ಖಾನೆಯನ್ನು ಕಟ್ಟಬೇಕು. ತಾನೇ ತಡೆಯುವ ವ್ಯವಸ್ಥೆಗಳಿಗೆ ಸಿಲ್ ಎಂಬ ದರ್ಜೆಗಳಿವೆ: ಒಂದನೆಯದು ಅಪಾಯವನ್ನು ಕನಿಷ್ಠ ಹತ್ತು ಪಟ್ಟು ಇಳಿಸಬೇಕು, ಎರಡನೆಯದು ನೂರು ಪಟ್ಟು, ಮೂರನೆಯದು ಸಾವಿರ ಪಟ್ಟು. ಎಷ್ಟೇ ನಿಷ್ಠಾವಂತ ಮುದ್ದಹನುಮನಾದರೂ ಅವನಿಗೆ ಹತ್ತರ ಮೇಲೆ ಬೆಲೆ ಕಟ್ಟುವಂತಿಲ್ಲ. ಓಬವ್ವ ಯಾವ ಲೆಕ್ಕದಲ್ಲೂ ಇರಲಿಲ್ಲ. ಅವಳಿಗೆ ನಾನು ಎರಡೂ ಕೈಯೆತ್ತಿ ಮುಗಿಯುತ್ತೇನೆ. ಆದರೆ ಕಾರ್ಖಾನೆಯಲ್ಲಿ ಅನಾಹುತ ತಪ್ಪಿಸಿದ ಹುಡುಗನಿಗೆ ಹಾರ ಹಾಕುವ ಸಭೆಗಳಲ್ಲಿ ನನಗೆ ಯಾವಾಗಲೂ ಕಿಂಡಿಯೇ ನೆನಪಾಗುತ್ತಿತ್ತು. ಹಾರ ಹಾಕಿದ ಮೇಲೆ ಕಿಂಡಿ ಮುಚ್ಚಿದರೇ? ಚಿತ್ರದುರ್ಗವಂತೂ 1779ರಲ್ಲಿ ಹೈದರನ ವಶವಾಯಿತು.

ಕಾರ್ಖಾನೆ ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರುವಾಸಿ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಗಾಜಿನ ಕುಲುಮೆ ನೋಡಿ ವಿವರವಾಗಿ ಬರೆದಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆಗಳು ಆಗುತ್ತಿದ್ದವಂತೆ. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಬೆಂಕಿಯ ಬಣ್ಣವೇ ಮೀಟರು, ಗಾಜಿನ ಪಾಕ ಕೋಲಿಗೆ ಅಂಟುವ ಬಗೆಯೇ ಅಲಾರಂ. ಅಲ್ಲಿ ಅಳೆಯುವವನೂ ಕೆಲಸ ಮಾಡುವವನೂ ಒಬ್ಬನೇ, ಅವನ ಮುಖ ಬೆಂಕಿಯ ಎದುರಿಗೇ ಇತ್ತು. ಉಗಿ ಬಂದಮೇಲೆ ಆ ಹತ್ತಿರ ತಪ್ಪಿತು. ಬಾಯ್ಲರಿನ ಒಳಗನ್ನು ಕಣ್ಣಲ್ಲಿ ನೋಡುವಂತಿಲ್ಲ, ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಮಾತ್ರ ಕಾಣುತ್ತದೆ.

ನಾನು 1980ರಲ್ಲಿ ಹೊರಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ಸೇರಿದಾಗ ಬಾಯ್ಲರ್ ಮನೆಯ ಹಿರಿಯರು ಮೊದಲು ತೋರಿಸಿದ್ದು ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಬಿರಡೆ. ಫ್ಯೂಸಿಬಲ್ ಪ್ಲಗ್. ನಡುವೆ ತೂತು, ತೂತಿನ ತುಂಬ ಬೇಗ ಕರಗುವ ಲೋಹ. ಹಳೆಯ ಬಗೆಯ ಬಾಯ್ಲರಿನಲ್ಲಿ ಬೆಂಕಿಗೂಡಿನ ನೆತ್ತಿಗೆ ಇದನ್ನು ಬಿಗಿಯುತ್ತಿದ್ದರು. ನೀರು ಮೇಲಿರುವವರೆಗೆ ಆ ಲೋಹ ತಂಪಾಗಿರುತ್ತದೆ. ನೀರು ಇಳಿದು ನೆತ್ತಿ ಬರಿದಾದರೆ ಕರಗಿ ಹೋಗುತ್ತದೆ, ಉಗಿ ನೀರು ಬೆಂಕಿಯ ಮೇಲೇ ನುಗ್ಗಿ ಒಲೆಯನ್ನು ತಣಿಸುತ್ತದೆ. ‘ಫೈರ್‌ಮ್ಯಾನ್ ನಿದ್ದೆ ಮಾಡಿದ್ರೂ ಇದು ಮಾಡಲ್ಲ ಕಣೋ’ ಎಂದಿದ್ದರು ಅವರು. ಅದನ್ನು ಅಂಗೈಯಲ್ಲಿ ಹಿಡಿದಾಗ ಏನೂ ತೂಕವಿರಲಿಲ್ಲ. ಈಗ ಅನಿಸುತ್ತದೆ, ಅದು ತಲೆಕೆಳಗಾದ ಕೋಡಿ: ನೀರು ಹೆಚ್ಚಾದಾಗಲ್ಲ, ಕಡಿಮೆಯಾದಾಗ ಎಚ್ಚೆತ್ತುಕೊಳ್ಳುವ ಕೋಡಿ. ಬಾಯ್ಲರುಗಳಿಗೆ ನಮ್ಮ ದೇಶದಲ್ಲಿ 1923ರಲ್ಲೇ ಕಾಯಿದೆ ಬಂದು, ಸರ್ಕಾರದ ಇನ್‌ಸ್ಪೆಕ್ಟರ್ ನೋಡಿ ಸರ್ಟಿಫಿಕೇಟ್ ಕೊಡದೆ ಬೆಂಕಿ ಹಾಕುವಂತಿರಲಿಲ್ಲ. ಬೇರೆ ಅಪಾಯಗಳಿಗೆ ಅಂಥ ಶಿಸ್ತು ಬರಲು ಭೋಪಾಲ್ ವಿಷಾನಿಲ ದುರಂತ ಆಗಬೇಕಾಯಿತು.

1984ರ ಡಿಸೆಂಬರ್ 2ರ ರಾತ್ರಿಯದು ನಮ್ಮ ಕಸುಬಿನವರು ಮರೆಯಬಾರದ ಪಾಠ. ಅಲ್ಲಿನ ಕಾರ್ಖಾನೆಯಲ್ಲಿ ವಿಷದ ದ್ರವವನ್ನು ತಂಪಾಗಿಡುವ ಘಟಕ ತಿಂಗಳುಗಳ ಹಿಂದೆಯೇ ನಿಂತಿತ್ತು. ಅನಿಲವನ್ನು ತೊಳೆಯುವ ಸ್ಕ್ರಬ್ಬರು, ಸುಡುವ ಫ್ಲೇರು ಎರಡೂ ಆ ರಾತ್ರಿ ಕೆಲಸಕ್ಕೆ ಒದಗಲಿಲ್ಲ. ಕೋಡಿಗಳೆಲ್ಲ ಮುಚ್ಚಿಹೋಗಿದ್ದವು. ಉಳಿದದ್ದು ಕಹಳೆ. ಊರಿಗೆ ಕೇಳುವ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿದರು. ಅದು ಮತ್ತೆ ಕೂಗಿದಾಗ ಜನ ಆಗಲೇ ಬೀದಿಗಳಲ್ಲಿ ಬೀಳುತ್ತಿದ್ದರು. 1987ರಲ್ಲಿ ಫ್ಯಾಕ್ಟರಿ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಹೊಸ ಅಧ್ಯಾಯ ಸೇರಿತು. ಅದರ 41-ಎಚ್ ಕಲಂ, ಅಪಾಯ ಹತ್ತಿರವಿದೆ ಎನಿಸಿದರೆ ಅದನ್ನು ಮೇಲಿನವರಿಗೆ ಹೇಳುವ ಹಕ್ಕನ್ನು ಕೆಲಸಗಾರನಿಗೆ ಕೊಟ್ಟಿತು. ಕಾಗದದ ಮೇಲೆ ಕೊಟ್ಟ ಕಹಳೆ ಅದು. ನಾನು ಅದನ್ನು ಊದಬೇಕಾದ ಹೊತ್ತಿನಲ್ಲಿ ಊದಲಿಲ್ಲ.

ತೊಂಬತ್ತರ ದಶಕದ ಕೊನೆ. ಬೇರೆ ರಾಜ್ಯದ ಒಂದು ರಾಸಾಯನಿಕ ಕಾರ್ಖಾನೆ. ಅದಕ್ಕೆ ಮುಂಚೆ ಕಂಟ್ರೋಲ್ ರೂಮಿನ ಗೋಡೆಗೆ ಅಲಾರಂ ಪ್ಯಾನೆಲ್ ಇರುತ್ತಿತ್ತು. ಚೌಕ ಚೌಕ ಬಿಳಿ ಕಿಟಕಿ, ಪ್ರತಿಯೊಂದರ ಹಿಂದೆ ಬಲ್ಬು, ಮೇಲೆ ಬರಹ. ಹೊಸ ಅಲಾರಂ ಬೇಕೆಂದರೆ ವೈರು ಎಳೆಯಬೇಕು, ಖಾಲಿ ಕಿಟಕಿ ಹುಡುಕಬೇಕು, ಖರ್ಚಿಗೆ ಸಹಿ ಬೇಕು. ಆದ್ದರಿಂದ ಬೇಕಾದಷ್ಟೇ ಅಲಾರಂ ಇರುತ್ತಿದ್ದವು. ಕಂಪ್ಯೂಟರ್ ವ್ಯವಸ್ಥೆ ಬಂತು, ಅಲಾರಂ ಸೇರಿಸುವುದು ಬೆರಳಿನ ಕೆಲಸವಾಯಿತು. ಆಡಿಟಿಗೆ ಬಂದವರು ಇಲ್ಲಿ ಒಂದಿರಲಿ ಎಂದರು, ಪ್ರತಿ ಸಣ್ಣ ಅವಘಡದ ವರದಿಯ ಕೊನೆಯಲ್ಲಿ ಅಲ್ಲೊಂದಿರಲಿ ಎಂದರು. ರಾತ್ರಿ ಶಿಫ್ಟಿನ ಹುಡುಗ ಒಂದು ಕೈಯಲ್ಲಿ ಟೀ ಹಿಡಿದು ಇನ್ನೊಂದು ಕೈಯಲ್ಲಿ ಅಲಾರಂ ಒಪ್ಪಿಕೊಳ್ಳುವ ಗುಂಡಿಯನ್ನು ಒತ್ತುತ್ತಲೇ ಇರುತ್ತಿದ್ದ.

ಕಾಸ್ಟಿಕ್ ದ್ರಾವಣದ ಒಂದು ಟ್ಯಾಂಕಿನ ಮಟ್ಟದ ಉಪಕರಣ ತಪ್ಪು ತೋರಿಸಲು ಶುರುಮಾಡಿತ್ತು. ಅರ್ಧ ತುಂಬಿದ್ದಾಗಲೂ ‘ಮಟ್ಟ ಹೆಚ್ಚು’ ಎಂದು ಕೂಗುತ್ತಿತ್ತು. ಬಿಡಿಭಾಗ ಬರಬೇಕಿತ್ತು, ಬರಲಿಲ್ಲ. ತುಂಬಿದಾಗ ಪಂಪು ನಿಲ್ಲಿಸುವ ಟ್ರಿಪ್ ಕೂಡ ಅದೇ ಉಪಕರಣದಿಂದಲೇ ಸಂಕೇತ ತೆಗೆದುಕೊಳ್ಳುತ್ತಿದ್ದರಿಂದ ಪಂಪು ಸುಮ್ಮಸುಮ್ಮನೆ ನಿಲ್ಲುತ್ತಿತ್ತು, ಆದ್ದರಿಂದ ಅದನ್ನೂ ಬೈಪಾಸ್ ಮಾಡಿದ್ದರು. ಲಾಗ್‌ಬುಕ್ಕಿನಲ್ಲಿ ಅದನ್ನು ಬರೆದ ಸಾಲಿನ ಕೆಳಗೆ ‘ಗಮನಿಸಲಾಗಿದೆ’ ಎಂದು ಸಹಿ ಮಾಡಿದವನು ನಾನು. ಒಂದು ದಿನವಲ್ಲ, ಮೂರು ವಾರ. ಆಮೇಲೆ ಒಂದು ರಾತ್ರಿ ಟ್ಯಾಂಕು ನಿಜವಾಗಿಯೇ ತುಂಬಿತು. ಆಗಲೇ ಉರಿಯುತ್ತಿದ್ದ ಅಕ್ಷರ ಮತ್ತೊಮ್ಮೆ ಉರಿಯಲು ಸಾಧ್ಯವಿರಲಿಲ್ಲ. ಕೆಳಗೆ ಹಾದುಹೋಗುತ್ತಿದ್ದ ಹೆಲ್ಪರ್ ಹುಡುಗನ ಎಡ ಭುಜದ ಮೇಲೆ ದ್ರಾವಣ ಬಿತ್ತು. ಶವರಿನ ಕೆಳಗೆ ಅವನನ್ನು ಹಿಡಿದು ನಿಲ್ಲಿಸಿದ್ದು ನಾನೇ. ನೀರು ಸುರಿಯುತ್ತಲೇ ಇತ್ತು, ಕೈಗೆ ಸಾಬೂನಿನಂತೆ ಜಾರುತ್ತಿದ್ದದ್ದು ಅವನ ಚರ್ಮ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಬದುಕಿದ. ಆ ಕೈ ಮೊದಲಿನಂತೆ ಮೇಲೇಳಲಿಲ್ಲ.

ಕೋಡಿಗೂ ನೀರಿನ ಮಟ್ಟ ತೋರುವ ಅಳತೆಗಂಬಕ್ಕೂ ಸಂಬಂಧವಿಲ್ಲದಿರುವುದರ ಬೆಲೆ ನನಗೆ ಅವತ್ತು ತಿಳಿಯಿತು. ಮಾರಿಕಣಿವೆಯ ಮಟ್ಟ ಓದುವವನು ತಪ್ಪು ಓದಿದರೂ ಕೋಡಿ ತಪ್ಪುವುದಿಲ್ಲ. ನಮ್ಮಲ್ಲಿ ಕಹಳೆಯೂ ಕೋಡಿಯೂ ಒಂದೇ ಕಣ್ಣಿನಿಂದ ನೋಡುತ್ತಿದ್ದವು, ಆ ಕಣ್ಣು ಹೋದಾಗ ಎರಡೂ ಹೋದವು.

ಇದು ನಮ್ಮ ಒಂದು ಕಾರ್ಖಾನೆಯ ಕಥೆಯಲ್ಲವೆಂದು ಆಮೇಲೆ ಓದಿ ತಿಳಿದೆ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ಎಂಬಲ್ಲಿಯ ತೈಲ ಸಂಸ್ಕರಣಾಗಾರದಲ್ಲಿ ಸಿಡಿಲಿನ ಮಳೆಯ ನಂತರ ಸ್ಫೋಟವಾಯಿತು. ಅದಕ್ಕೆ ಮುಂಚಿನ ಹನ್ನೊಂದು ನಿಮಿಷದಷ್ಟು ಅವಧಿಯಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದವು. ಎರಡು ಮೂರು ಸೆಕೆಂಡಿಗೊಂದು. ಯಾವ ಮನುಷ್ಯನೂ ಅದನ್ನು ಓದಲಾರ. 1999ರಲ್ಲಿ ಬ್ರಿಟನ್ನಿನ ಉದ್ಯಮಗಳ ಸಂಘಟನೆಯೊಂದು ಈಮುವಾ 191 ಎಂಬ ಕೈಪಿಡಿ ತಂದಿತು. ಅದರಲ್ಲಿ ನನಗೆ ಹಿಡಿಸಿದ ಮಾತು: ಸಾಮಾನ್ಯ ಹೊತ್ತಿನಲ್ಲಿ ಹತ್ತು ನಿಮಿಷಕ್ಕೆ ಒಂದರಂತೆ ಅಲಾರಂ ಬಂದರೆ ಮನುಷ್ಯ ನಿಭಾಯಿಸಬಲ್ಲ. ಮಾಡುವ ಕೆಲಸವೇ ಇಲ್ಲದ ಅಲಾರಂ ಅಲಾರಮ್ಮೇ ಅಲ್ಲ. ನಮ್ಮ ಹಳ್ಳಿಗಳ ತಳವಾರ ತಮಟೆ ಹೊಡೆದು ಸಾರುವಾಗಲೂ ಹೀಗೇ ಇತ್ತು. ತಮಟೆಯ ಹಿಂದೆಯೇ ಮಾತು ಬರಬೇಕು: ಏನಾಗಿದೆ, ಯಾರು ಬರಬೇಕು, ಎಲ್ಲಿಗೆ, ಯಾವಾಗ. ಬರೀ ತಮಟೆ ಹೊಡೆದುಕೊಂಡು ಓಣಿ ಸುತ್ತುವವನನ್ನು ಯಾವ ಗೌಡನೂ ಇಟ್ಟುಕೊಳ್ಳುತ್ತಿರಲಿಲ್ಲ.

ನಿವೃತ್ತಿಗೆ ಮುಂಚಿನ ಆರು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ. ಇನ್ನೊಂದು ಕಾರ್ಖಾನೆಯಲ್ಲಿ ವಾರಕ್ಕೆರಡು ಮಧ್ಯಾಹ್ನ ಆಪರೇಟರುಗಳ ಜೊತೆ ಕೂತು ಒಂದೊಂದೇ ಅಲಾರಂ ಓದುವುದು. ಇದು ಬಂದರೆ ನೀನು ಏನು ಮಾಡ್ತೀಯಪ್ಪ? ಮಾಡದಿದ್ದರೆ ಏನಾಗ್ತದೆ? ಎಷ್ಟು ನಿಮಿಷ ಇದೆ? ಉತ್ತರ ಇದ್ದದ್ದನ್ನು ಬರೆದುಕೊಂಡೆವು. ‘ಏನೂ ಮಾಡಲ್ಲ ಸಾರ್, ಒತ್ತಿಬಿಡ್ತೀವಿ’ ಎಂದದ್ದನ್ನು ತೆಗೆಸಿದೆವು. ‘ಮಾಡೋಕೆ ಟೈಮೇ ಇರಲ್ಲ ಸಾರ್’ ಎಂದದ್ದನ್ನು ಮನುಷ್ಯನ ಮೇಲಿಂದ ಇಳಿಸಿ, ಬೇರೆ ಉಪಕರಣ, ಬೇರೆ ವಾಲ್ವು ಹಾಕಿ ಕೋಡಿ ಮಾಡಿಸಿದೆವು. ಹುಡುಗರಿಗೆ ಅರ್ಥವಾಗಲೆಂದು ನಾನು ನಿಜವಾಗಿ ಬಳಸುತ್ತಿದ್ದದ್ದು ಈ ಎರಡೇ ಮಾತು, ಕೋಡಿ, ಕಹಳೆ.

ಒಂದು ಸಂಗತಿಯನ್ನು ಮಾತ್ರ ಅವರಿಗೆ ಚೆನ್ನಾಗಿ ವಿವರಿಸಲು ಆಗುತ್ತಿರಲಿಲ್ಲ. ನಮ್ಮ ಉಪಕರಣಗಳ ಸಂಕೇತ ಸೊನ್ನೆಯಿಂದ ಶುರುವಾಗುವುದಿಲ್ಲ, 4 ಮಿಲಿಆಂಪಿಯರಿನಿಂದ 20ರವರೆಗೆ. ಟ್ಯಾಂಕು ಪೂರ್ತಿ ಖಾಲಿಯಿದ್ದರೂ ವೈರಿನಲ್ಲಿ ನಾಲ್ಕು ಹರಿಯುತ್ತಿರಬೇಕು. ವೈರು ಕಡಿದರೆ ಸೊನ್ನೆಯಾಗುತ್ತದೆ, ಆಗ ಇದು ಖಾಲಿ ಟ್ಯಾಂಕಲ್ಲ, ಸುದ್ದಿಯೇ ಬರುತ್ತಿಲ್ಲ ಎಂದು ಗೊತ್ತಾಗುತ್ತದೆ. ಸದ್ದು ನಿಂತದ್ದೇ ಸುದ್ದಿ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಅಪ್ಪ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಮೀಟರ್ ಗೇಜಿನ ಕಾಲ. ಒಂಟಿ ಹಳಿ. ಎದುರುಬದುರು ಗಾಡಿ ಬರದಂತೆ ಟೋಕನ್ ಗುಂಡು ಇರುತ್ತಿತ್ತು. ಕಬ್ಬಿಣದ ಪೆಟ್ಟಿಗೆಯೊಳಗೆ ಲೋಹದ ಚೆಂಡುಗಳು, ಮೇಲೆ ಎರಡು ಸ್ಟೇಷನ್ನಿನ ಅಕ್ಷರ. ಪಕ್ಕದ ಸ್ಟೇಷನ್ನಿನವರೂ ಒಪ್ಪಿದರಷ್ಟೇ ಒಂದು ಗುಂಡು ಹೊರಗೆ ಬರುತ್ತದೆ. ಅದು ಹೊರಗಿರುವವರೆಗೆ ಎರಡೂ ಪೆಟ್ಟಿಗೆಗೆ ಬೀಗ, ಇನ್ನೊಂದು ಗುಂಡನ್ನು ಯಾರು ಎಳೆದರೂ ಬರದು. ಗುಂಡನ್ನು ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಲಾಟೀನು ಹಿಡಿದು ಅಪ್ಪ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಕೈ ಎತ್ತಿ ನಿಲ್ಲುತ್ತಿದ್ದ. ನಿಲ್ಲದ ಗಾಡಿಯ ಡ್ರೈವರ್ ತೋಳು ಚಾಚಿ ಅದರೊಳಗೆ ತೂರಿಸಿ ಕಿತ್ತುಕೊಂಡು ಹೋಗುತ್ತಿದ್ದ.

ನಮ್ಮ ಮನೆ ಹಳಿಯಿಂದ ನಾಲ್ಕು ಮಾರು. ಡ್ಯೂಟಿ ಇಲ್ಲದ ರಾತ್ರಿ ಗಾಡಿ ಹಾದರೆ ಗೂಡಿನಲ್ಲಿಟ್ಟ ಪಾತ್ರೆ ಗಲಗಲ ಎನ್ನುತ್ತಿದ್ದವು, ಅಪ್ಪ ಮಗ್ಗುಲೂ ಬದಲಿಸುತ್ತಿರಲಿಲ್ಲ. ಒಂದು ಮಳೆಗಾಲದ ರಾತ್ರಿ ಎಚ್ಚರವಾಗಿ ನೋಡಿದರೆ ಅವನು ಎದ್ದು ಕೂತಿದ್ದ. ಹೊರಗೆ ಮಳೆ ನಿಂತಿತ್ತು, ಏನೂ ಸದ್ದಿರಲಿಲ್ಲ.

‘ಯಾಕ್ರೀ ಎದ್ರಿ?’ ಎಂದಳು ಅವ್ವ ಕತ್ತಲಲ್ಲೇ.

‘ಗೂಡ್ಸ್ ಇನ್ನೂ ಬಂದಿಲ್ಲ ಕಣೇ’ ಎಂದ ಅಪ್ಪ. ಗೋಡೆಯ ಮೊಳೆಯಿಂದ ಲಾಟೀನು ತೆಗೆದು, ಬತ್ತಿ ಏರಿಸಿ, ಸ್ಟೇಷನ್ ಕಡೆಗೆ ನಡೆದ.